ಸೊರಗಿದ ಹುಡುಗನ ತುಲಾಭಾರ

ಕೂಸನ್ನು ದಪ್ಪ ಮಾಡುವುದರಲ್ಲಿ ಗಾದೆಮ್ಮನದು ಎತ್ತಿದ ಕೈ. ಹಾಗಂತ ಅವಳೇ ಹೇಳಿಕೊಂಡು ತಿರುಗಿದವಳಲ್ಲ, ಊರು ಹೇಳುತ್ತಿತ್ತು. ಊರೆಂದರೆ ಕೊಟ್ಟೂರಿನಿಂದ ಹಗರಿಬೊಮ್ಮನಹಳ್ಳಿಗೆ ಹೋಗುವ ದಾರಿಯಲ್ಲಿ, ಕಂಡಕ್ಟರಿಗೆ ಮನಸ್ಸು ಬಂದರೆ ಬಸ್ಸು ನಿಲ್ಲುವ ಊರು. ಅಲ್ಲಿನ ಅಂಗನವಾಡಿಗೆ ಅವಳು ಅಕ್ಕೋರಾಗಿ ಸೇರಿದ ಹೊಸತರಲ್ಲಿ ಮೇಲಿನವರು ಒಂದು ತಕ್ಕಡಿ, ಒಂದು ಕಟ್ಟು ಕಾರ್ಡು ಕೊಟ್ಟು, ಕೆಂಪು ಗೆರೆಯಲ್ಲಿರುವ ಮಕ್ಕಳನ್ನು ಹಸಿರಿಗೆ ತರಬೇಕು ಎಂದಿದ್ದರು. ಕೆಂಪೆಂದರೆ ತೂಕ ತೀರ ಕಡಿಮೆ, ಹಸಿರೆಂದರೆ ಸರಿ. ಹಸಿರನ್ನೂ ದಾಟಿ ಹೋದ ಮಗುವನ್ನು ಏನು ಮಾಡಬೇಕೆಂದು ಅವರು ಹೇಳಲಿಲ್ಲ, ಇವಳು ಕೇಳಲಿಲ್ಲ. ಅಂಥ ಮಗುವೂ ಇರಬಹುದು ಎಂಬುದು ಆಗ ಯಾರ ಕನಸಿನಲ್ಲೂ ಇರಲಿಲ್ಲ.

ಕೆಲಸದಲ್ಲಿ ಗಾದೆಮ್ಮ ಮೈಗಳ್ಳಿಯಲ್ಲ. ಹೊಲಕ್ಕೆ ಹೋಗುವ ತಾಯಂದಿರನ್ನು ದಾರಿಗೆ ಅಡ್ಡ ನಿಂತು, ಕೂಸಿಗೆ ಏನು ಉಣಿಸಿ ಬಂದಿ ಎಂದು ಕೇಳುವಳು. ಉತ್ತರ ಸರಿಬರದಿದ್ದರೆ ಬೈಯುವಳು. ಅವಳ ಗಂಡ ಯರ್ರಿಸ್ವಾಮಿ ಕುರಿ ಸಾಕುವವನು, ವರ್ಷದ ಅರ್ಧ ಭಾಗ ಮಂದೆಯ ಹಿಂದೆ ಅಡವಿಯಲ್ಲಿ. ಅವರಿಗೆ ಮಕ್ಕಳಾಗಲಿಲ್ಲ. ಆ ಸಂಕಟವನ್ನು ಅವಳು ಯಾರ ಮುಂದೆಯೂ ಆಡದೆ, ಊರ ಮಕ್ಕಳ ಬಾಯಿಗೆ ತುತ್ತಿಡುತ್ತ ನುಂಗಿಕೊಂಡಳು.

ಅವಳ ಕೆಲಸಕ್ಕೆ ದೊಡ್ಡ ಸಾಕ್ಷಿಯೆಂದರೆ ಗುರು. ಪೂರ್ತಿ ಹೆಸರು ಗುರುಬಸವರಾಜ. ಬಸ್‌ಸ್ಟ್ಯಾಂಡಿನಲ್ಲಿ ಮಂಡಕ್ಕಿ-ಮಿರ್ಚಿ ಅಂಗಡಿ ಇಟ್ಟಿರುವ ಕೊಟ್ರಸ್ವಾಮಿಯ ಮಗ. ಹುಟ್ಟಿದಾಗ ಅವನ ಎಲುಬು ಎಣಿಸಬಹುದಿತ್ತು. ತಾಯಿ ಅರ್ಚನಾ, ಮಾಗಳದ ಹೊಳೆದಂಡೆಯಿಂದ ಸೊಸೆಯಾಗಿ ಬಂದ ಹುಡುಗಿ, ಕೂಸನ್ನು ಎತ್ತಿಕೊಳ್ಳಲಿಕ್ಕೇ ಹೆದರುತ್ತಿದ್ದಳು. ಅಜ್ಜಿ ಪಂಪಮ್ಮ ಊರ ವೀರಭದ್ರನಿಗೆ ಕೈಮುಗಿದು, ಇದೊಂದು ಬದುಕಿ ಗಟ್ಟಿಯಾದರೆ ಬೆಲ್ಲದಲ್ಲಿ ತೂಗಿಸುತ್ತೇನೆ ಎಂದು ಹರಕೆ ಹೊತ್ತಳು. ಹರಕೆ ಪಂಪಮ್ಮನದಾದರೂ ಸೇವೆಯೆಲ್ಲ ಗಾದೆಮ್ಮನದು. ಪುಷ್ಟಿ ಹಿಟ್ಟಿನ ಗಂಜಿ, ತುಪ್ಪ ಬಿಟ್ಟ ಅನ್ನ, ಕಲಸಿದ ಬಾಳೆಹಣ್ಣು ಹಿಡಿದು ಹೊತ್ತು ಹೊತ್ತಿಗೆ ಅವರ ಮನೆಗೆ ಹೋದಳು. ಹುಡುಗ ಕೆಂಪಿನಿಂದ ಹಳದಿಗೆ, ಹಳದಿಯಿಂದ ಹಸಿರಿಗೆ ಬಂದ. ಮಾತು ಬಂದಾಗ ಅವ್ವ ಅನ್ನುವ ಮೊದಲು 'ಗಾದವ್ವ' ಅಂದ. ಆ ಒಂದು ಮಾತಿಗೆ ಗಾದೆಮ್ಮ ಜೀವ ಬೇಕಾದರೂ ಕೊಡುತ್ತಿದ್ದಳು.

ಈಗ ಗುರು ಮೂರನೇ ತರಗತಿ. ಅಂಗನವಾಡಿ ಬಿಟ್ಟು ಎಷ್ಟೋ ದಿನವಾದರೂ ಸಾಲಿ ಬಿಟ್ಟ ಕೂಡಲೇ ಮೊದಲು ಅಲ್ಲಿಗೇ ಬರುವನು. ಬಂದು ಮಾತಿಲ್ಲ ಕತೆಯಿಲ್ಲ, ಅಂಗೈ ಚಾಚುವನು. ಗಾದೆಮ್ಮ ಕಪಾಟಿನ ಮೇಲಿನ ಡಬ್ಬಿಯಿಂದ ತಾನೇ ಮನೆಯಲ್ಲಿ ಕಟ್ಟಿದ ಶೇಂಗಾ ಉಂಡಿ ತೆಗೆದು ಆ ಅಂಗೈಗೆ ಇಡುವಳು. ಅಲ್ಲಿಂದ ಅವನು ಅಪ್ಪನ ಅಂಗಡಿಗೆ ಹೋಗುತ್ತಿದ್ದ. ಅಲ್ಲಿ ಮಿರ್ಚಿಗೇನು ಬರ, ಗಿರಾಕಿಗಳು ಕೊಡಿಸುವ ಚಿಪ್ಸ್ ಪಾಕೀಟಿಗೇನು ಬರ? ಎಲ್ಲರೂ ಅವನನ್ನು 'ಸಾವ್ಕಾರ' ಎಂದು ಕರೆಯುತ್ತಿದ್ದರು.

ಇಲ್ಲಿಯ ಒಂದು ಪದ್ಧತಿ ಹೇಳಬೇಕು. ಮೈ ತುಂಬಿದ ಮಗುವನ್ನು ಕಂಡು ಯಾರೂ ದಪ್ಪ ಅನ್ನುವಂತಿಲ್ಲ. ಅಂದರೆ ದೃಷ್ಟಿಯಾಗುತ್ತದೆ. ಅದಕ್ಕೇ ಉಲ್ಟಾ ಆಡುತ್ತಾರೆ: ಗುಂಡುಕಲ್ಲಿನಂಥ ಹುಡುಗನನ್ನು ತಡವಿ, 'ಯಾಕಪಾ, ಸೊರಗೀದಿ?' ಎಂದು ಕೇಳುತ್ತಾರೆ. ಮಗುವಿನ ತೂಕವನ್ನೂ ಬಾಯಿಬಿಟ್ಟು ಹೇಳುವುದಿಲ್ಲ. ಗಾದೆಮ್ಮ ಇಷ್ಟು ವರ್ಷ ತೂಗಿದಳಲ್ಲ, ಒಬ್ಬ ತಾಯಿಗೂ ಅಂಕಿ ಹೇಳಿದವಳಲ್ಲ. ಹಸಿರು ಐತಿ ಎಂದು ಕಾರ್ಡು ಮಡಚಿ ಕೊಡುತ್ತಿದ್ದಳು. ಅದರಲ್ಲೂ ಹಡೆಯದವಳ ಕಣ್ಣು ಕೆಟ್ಟದ್ದಂತೆ. ಆ ಮಾತನ್ನು ಅವಳ ಎದುರಿಗೆ ಯಾರೂ ಆಡಿರಲಿಲ್ಲ, ಆದರೆ ಇದೆಯೆಂಬುದು ಅವಳಿಗೆ ಗೊತ್ತಿತ್ತು. ಆದ್ದರಿಂದ ಬೇರೆಯವರು ಒಂದು ಸಲ ಸೊರಗ್ಯಾನ ಅಂದರೆ ಅವಳು ಎರಡು ಸಲ ಅನ್ನುತ್ತಿದ್ದಳು.

ಇಂಥವಳ ಮುಂದೆ ಬಂದು ಕೂತವಳು ರಮಾ. ಹರಪನಹಳ್ಳಿಯ ಹುಡುಗಿ, ಬಳ್ಳಾರಿಯ ಒಂದು ಕಾಲೇಜಿನವರ ಅಧ್ಯಯನಕ್ಕೆಂದು ತಿರುಗುತ್ತಿದ್ದಳು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದೂ ತಾಲ್ಲೂಕುಗಳ ಹಳ್ಳಿಗಳಲ್ಲಿ ಮಕ್ಕಳಿಗೆ ಬೊಜ್ಜು ಬಾರದಂತೆ ತಡೆಯಲು ಜನ ಎಷ್ಟು ತಯಾರಿದ್ದಾರೆ ಎಂದು ಅಳೆಯುವುದು ಅವಳ ಕೆಲಸ. ಗಾದೆಮ್ಮ ಮರದ ಕುರ್ಚಿಯನ್ನು ಸೆರಗಿನಿಂದ ಒರೆಸಿ ಕೊಟ್ಟಳು.

"ಮಕ್ಕಳ ತೂಕದ ಬಗ್ಗೆ ನಿಮ್ಮೂರಿನವರಿಗೆ ಎಷ್ಟು ಕಾಳಜಿ ಐತೆ ಅಕ್ಕ? ಒಂದರಿಂದ ಹತ್ತರೊಳಗೆ ಒಂದು ನಂಬರ್ ಹೇಳ್ರಿ," ಎಂದು ರಮಾ ಕೇಳಿದಳು.

"ಹತ್ತು," ಅಂದಳು ಗಾದೆಮ್ಮ, ಯೋಚಿಸದೆ.

ರಮಾಳ ಮುಖ ಅರಳಿತು. "ನಿಜವಾಗ್ಲೂ? ನಾನು ಹೋದ ಯಾವ ಊರಲ್ಲೂ ಎರಡು ದಾಟಿಲ್ಲ ನೋಡ್ರಿ."

"ದಿನಾ ಬಂದು ಕೇಳ್ತಾರ್ರಿ. ಅಕ್ಕೋರ, ನಮ್ಮ ಹುಡುಗ ಯಾವಾಗ ಮೈ ಹಿಡೀತಾನ, ಹುಡುಗಿ ಯಾವಾಗ ದುಂಡಗ ಆಕ್ಕಾಳ ಅಂತ. ಅದಾ ಚಿಂತಿ ಅವರಿಗೆ."

ರಮಾಳ ಪೆನ್ನು ನಿಂತಿತು. "ನಾನು ಕೇಳಿದ್ದು ತೂಕ ಜಾಸ್ತಿ ಆಗೋದ್ರ ಬಗ್ಗೆ."

"ಹೌದ್ರಿ. ಜಾಸ್ತಿ ಆಗಲಿ ಅಂತನಾ ಅವರ ಕಾಳಜಿ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ರಮಾ ಬಿಡಿಸಿ ಬಿಡಿಸಿ ಹೇಳಿದಳು: ಮಕ್ಕಳು ಮಿತಿ ಮೀರಿ ದಪ್ಪವಾದರೆ ಅದೂ ಒಂದು ಬೇನೆ, ಮುಂದೆ ಸಕ್ಕರೆ ಕಾಯಿಲೆ, ರಕ್ತದೊತ್ತಡ ಬರಬಹುದು, ಪಟ್ಟಣದಲ್ಲಿ ಮಾತ್ರ ಅಲ್ಲ, ಹಳ್ಳಿಯಲ್ಲೂ ಶುರುವಾಗಿದೆ. ಗಾದೆಮ್ಮ ಕೇಳುತ್ತಲೇ ಇದ್ದಳು. ಇಷ್ಟು ವರ್ಷ ಕಡಿಮೆ ತೂಕವೇ ಬೇನೆ ಅಂದವರು ಇವರೇ ಅಲ್ಲವೇ? ಹಾಗಾದರೆ ಉಣಿಸಬೇಕೋ, ಬಿಡಬೇಕೋ? ಅವಳ ತಲೆ ಕಲಸಿದ ಹಿಟ್ಟಾಯಿತು.

"ನಿಮ್ಮೂರಲ್ಲಿ ಅಂಥ ಮಕ್ಕಳು ಅದಾರಾ?" ರಮಾ ಕೇಳಿದಳು.

"ಒಬ್ಬರೂ ಇಲ್ರಿ," ಎಂದು ಗಾದೆಮ್ಮ ಹೇಳಿ ಮುಗಿಸುವುದರೊಳಗೆ ಬಾಗಿಲಿಗೆ ಗುರು ಬಂದ. ಎರಡು ಮೆಟ್ಟಿಲು ಹತ್ತಿದ್ದಕ್ಕೇ ಏದುಸಿರು. ರಮಾಳತ್ತ ಒಮ್ಮೆ ನೋಡಿ, ಗಾದೆಮ್ಮನ ಮುಂದೆ ಅಂಗೈ ಚಾಚಿದ.

ರಮಾ ಕೇಳುವ ಮೊದಲೇ ಗಾದೆಮ್ಮನ ಬಾಯಿ ತಾನಾಗಿಯೇ ಓಡಿತು: "ಇವನಾ? ಇವ ಸೊರಗ್ಯಾನ್ರಿ. ಮೊದ್ಲ ಚಲೋ ಇದ್ದ. ಸೊರಗ್ಯಾನ."

ರಮಾ ನಗುತ್ತ ಹುಡುಗನ ಹೆಸರು ಕೇಳಿ ಹತ್ತಿರ ಕರೆದಳು. ಮೂಲೆಯಲ್ಲಿದ್ದ, ದೊಡ್ಡವರು ನಿಲ್ಲುವ ತೂಕದ ಯಂತ್ರದ ಮೇಲೆ ಅವನನ್ನು ನಿಲ್ಲಿಸಲು ಹೇಳಿದಳು. ಅಂಕಿ ಮೂಡಿದ್ದೇ ತಡ, ಗಾದೆಮ್ಮ ಬಗ್ಗಿ ಅದರ ಮೇಲೆ ಸೆರಗು ಮುಚ್ಚಿದಳು. ಆದರೆ ಅಷ್ಟರಲ್ಲಿ ಇಬ್ಬರೂ ನೋಡಿಯಾಗಿತ್ತು. ಉಂಡಿ ತಗೊಂಡು ಗುರು ಹೊರಟಾಗ ರಮಾ ಅವನ ಕುತ್ತಿಗೆಯ ಹಿಂದೆ ಕೈಯಿಟ್ಟು ನೋಡಿದಳು. ಅಲ್ಲಿ ಒಂದು ಕಪ್ಪು ಪಟ್ಟಿ ಇತ್ತು.

"ಅದು ಕೊಳಿರೀ. ಅವರವ್ವ ತಿಕ್ಕತಾಳ, ಹೋಗವಲ್ದು," ಎಂದಳು ಗಾದೆಮ್ಮ.

"ಕೊಳೆ ಅಲ್ಲ ಅಕ್ಕ. ಮೈಯಲ್ಲಿ ಸಕ್ಕರೆ ಹದ ತಪ್ಪೋ ಮುಂಚೆ ಕೆಲವು ಮಕ್ಕಳಿಗೆ ಹಿಂಗೆ ಬರುತ್ತೆ. ಇರಬಹುದು, ಇಲ್ಲದೇನೂ ಇರಬಹುದು. ನಾನು ಡಾಕ್ಟರ್ ಅಲ್ಲ. ದೊಡ್ಡಾಸ್ಪತ್ರೆಯಲ್ಲಿ ರಕ್ತ ತೋರಿಸಲಿ. ನಾನು ಹೇಳಿದ್ರೆ ಯಾರೋ ಬಂದು ಏನೋ ಅಂದ್ಲು ಅಂತಾರೆ. ನೀವು ಅವನ ತಾಯಿಗೆ ಹೇಳ್ರಿ."

ರಮಾ ನಂಬರು ಕೊಟ್ಟು ಬಸ್ಸಿಗೆ ಹೋದಳು. ಗಾದೆಮ್ಮ ಖಾಲಿ ಕುರ್ಚಿಯ ಮುಂದೆ ಕಕ್ಕಾಬಿಕ್ಕಿಯಾಗಿ ನಿಂತಳು. ನೀವು ಹೇಳ್ರಿ ಅಂದರೆ ಆಯಿತೇ? ಊರಿನಲ್ಲಿ ಯಾರು ಬೇಕಾದರೂ ಅನ್ನಬಹುದಾದ ಮಾತಲ್ಲ ಅದು. ಅದರಲ್ಲೂ ಅವಳು ಅನ್ನಲೇಬಾರದ ಮಾತು. ಅಂದರೆ ಆ ಮನೆಯ ಬಾಗಿಲು ಮುಚ್ಚುತ್ತದೆ, ಗುರುವಿನ ಅಂಗೈ ಮತ್ತೆ ಈ ಹೊಸ್ತಿಲು ದಾಟಿ ಬರುವುದಿಲ್ಲ. ಅನ್ನದಿದ್ದರೆ ಹುಡುಗನಿಗೆ ಏನಾಗುತ್ತದೋ ಅವಳಿಗೆ ಗೊತ್ತಿಲ್ಲ.

ಆದರೂ ಸಂಜೆ ಹೋದಳು. ಮನಸ್ಸಿನಲ್ಲಿ ನಾಲ್ಕು ಮಾತು ಜೋಡಿಸಿಕೊಂಡೇ ಹೋಗಿದ್ದಳು. ಪಂಪಮ್ಮ ಕಟ್ಟೆಯ ಮೇಲೆ ಕೂತು ಅಕ್ಕಿ ಹಸನು ಮಾಡುತ್ತಿದ್ದಳು. ಗಾದೆಮ್ಮನನ್ನು ಕಂಡು ಮೊರ ಪಕ್ಕಕ್ಕಿಟ್ಟಳು.

"ಬಾ ಗಾದೆಮ್ಮ, ನಿನಗಾ ಹೇಳಿ ಕಳಸಬೇಕಂತಿದ್ದೆ. ಬರೋ ಸೋಮವಾರ ಗುರುನ ತುಲಾಭಾರ. ಹರಕಿ ಭಾಳ ದಿನ ಉಳೀತು. ಮೊದಲನೇ ಬೆಲ್ಲದ ಪೆಂಟಿ ನೀನಾ ಇಡಬೇಕು."

"ನಾನಾ?" ಅಂದಳು ಗಾದೆಮ್ಮ. ಇಂಥ ಶುಭಕಾರ್ಯಕ್ಕೆ ಮೊದಲ ಕೈ ಮಕ್ಕಳನ್ನು ಹಡೆದವಳದೇ ಆಗಬೇಕು. ಅದು ಎಲ್ಲರಿಗೂ ಗೊತ್ತಿರುವ ಪದ್ಧತಿ.

"ಮತ್ಯಾರು? ಹಡದಾಕಿ ಅರ್ಚನಾ, ಉಳಿಸಿದಾಕಿ ನೀನು. ಯಾರು ಏನರ ಅಂದ್ಕೊಳ್ಳಿ. ಕೊಟ್ರಸ್ವಾಮಿಗೆ ಬೆಲ್ಲ ತರಾಕ ಹೇಳಬೇಕು. ಎಷ್ಟು ಬೇಕಾಗ್ತೈತಿ? ತೂಗೋ ಕೈ ನಿಂದು."

ಜೋಡಿಸಿಕೊಂಡು ಬಂದ ನಾಲ್ಕು ಮಾತೂ ಗಾಳಿಗೆ ಹೋದವು. ಸೆರಗಿನಡಿ ಕಂಡಿದ್ದ ಅಂಕಿ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಅದನ್ನು ಉಗುಳು ನುಂಗಿದಂತೆ ನುಂಗಿ ಅವಳು ಹೇಳಿದಳು: "ಮೂರು ಪೆಂಟಿ ಸಾಕ್ರಿ ಅಮ್ಮಾರ. ಹುಡುಗ ಸೊರಗ್ಯಾನ."

ಪಂಪಮ್ಮನಿಗೆ ಆ ಉತ್ತರ ಹಿತವಾಯಿತು. ಬಚ್ಚಲಿನಿಂದ ಅರ್ಚನಾ ಗುರುವಿನ ತಲೆ ಒರೆಸುತ್ತ ಬಂದಳು. ಹುಡುಗನನ್ನು ಒಳಗೆ ಕಳಿಸಿ, ಅತ್ತೆಗೆ ಕೇಳಿಸದಂತೆ ಮೆಲ್ಲಗೆ ಕೇಳಿದಳು: "ಅಕ್ಕೋರ, ಕುತ್ತಿಗಿ ಕಪ್ಪು ಹೋಗವಲ್ದು. ಕಡ್ಲಿಹಿಟ್ಟು ಹಚ್ಚಿದೆ, ನಿಂಬಿಹಣ್ಣು ಹಚ್ಚಿದೆ. ರಾತ್ರಿ ಗೊರಕಿ ಬ್ಯಾರೆ. ಯಾಕ್ರಿ?"

ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗುತ್ತಿರಲಿಲ್ಲ. ಅರ್ಚನಾ ಕಣ್ಣಿಗೆ ಕಣ್ಣಿಟ್ಟು ನೋಡುತ್ತಿದ್ದಳು. ಗಾದೆಮ್ಮನ ಕಿವಿಯಲ್ಲಿ ಮಾತ್ರ 'ಉಳಿಸಿದಾಕಿ ನೀನು' ಅನ್ನುವ ಮಾತೇ ಗುಂಯ್‌ಗುಡುತ್ತಿತ್ತು.

"ಬಿಸಲಿಗೆ ಆಗಿರ್ತೈತಿ ಬಿಡವಾ," ಅಂದಳು.

ಮನೆಗೆ ಬರುವ ದಾರಿಯುದ್ದಕ್ಕೂ ತನ್ನನ್ನು ತಾನೇ ಬೈದುಕೊಂಡಳು. ಬೈದು ಬೈದು ಸಾಕಾದ ಮೇಲೆ ಒಂದು ಉಪಾಯ ಹೊಳೆಯಿತು. ತಾನು ಹೇಳುವುದು ಬೇಡ. ಬೇರೆ ಯಾರಾದರೂ ಹೇಳಲಿ. ಊರಿನಲ್ಲಿ ದೊಡ್ಡವರಿಗೇನು ಕಡಿಮೆ?

ಮರುದಿನ ಸಾಲಿಗೆ ಹೋಗಿ ಪಾಲಾಕ್ಷಪ್ಪ ಮೇಷ್ಟ್ರನ್ನು ಹಿಡಿದಳು. ಆಟ ಆಡಿಸುವವರು ಅವರೇ. ಸುತ್ತಿ ಬಳಸಿ ವಿಷಯ ಹೇಳಿದಾಗ ಮೇಷ್ಟ್ರು ಸುತ್ತ ನೋಡಿ ದನಿ ತಗ್ಗಿಸಿದರು. "ಗೊತ್ತಾಗೈತ್ರಿ. ಓಡಾಕ ಆಗಲ್ಲ ಅಂತ ಅವನ್ನ ಕಬಡ್ಡಿಗೆ ಬಿಡಲ್ಲ. ಹಗ್ಗ ಜಗ್ಗಾಟಕ್ಕ ಮಾತ್ರ ಕೊನೀಗೆ ನಿಂದರಸ್ತೀನಿ. ಅಂವ ನಿಂತರ ನಮ್ಮ ಸಾಲಿ ಸೋಲಂಗಿಲ್ಲ. ಆದ್ರ ಮನಿಯವರಿಗೆ ನಾನು ಹೆಂಗ ಹೇಳ್ಲಿ? ಅವರಪ್ಪನ ಅಂಗಡ್ಯಾಗ ದಿನಾ ಚಾ ಕುಡೀತೀನಿ. ಇದು ಹೆಣ್ಮಕ್ಕಳು ಹೇಳೋ ಮಾತು."

ಅಲ್ಲಿಂದ ಆಶಾ ಕಾರ್ಯಕರ್ತೆ ನಾಗಲಿಂಗಮ್ಮನ ಮನೆ. ಅವಳಿಗೆ ಎರಡು ಮಕ್ಕಳು, ಆದ್ದರಿಂದ ಅವಳ ಕಣ್ಣಿಗೆ ಯಾರೂ ಹೆದರುವುದಿಲ್ಲ. ನಾಗಲಿಂಗಮ್ಮ ಕಣ್ಣು ಕಣ್ಣು ಬಿಟ್ಟಳು. "ಬಾಣಂತಿ ಅನ್ನು, ಚುಚ್ಚುಮದ್ದು ಅನ್ನು, ಹೇಳ್ತೀನಿ. ದಪ್ಪ ಅದಾನ ಅಂತ ನಾ ಹೇಳಿ, ನಾಳಿ ಆ ಹುಡುಗಗ ಒಂದು ನೆಗಡಿ ಆದ್ರ ನನ್ನ ಮ್ಯಾಲ ಬರ್ತೈತಿ. ಅದು ಡಾಕ್ಟರ್ ಹೇಳೋ ಮಾತು." ಡಾಕ್ಟರ್ ಹೇಳಬೇಕಾದರೆ ಹುಡುಗ ಡಾಕ್ಟರ ಹತ್ತಿರ ಹೋಗಬೇಕು, ಹೋಗಬೇಕಾದರೆ ಯಾರಾದರೂ ಹೇಳಬೇಕು. ಗಾದೆಮ್ಮ ಇದನ್ನು ಎರಡು ಸಲ ಸುತ್ತಿಸಿ ನೋಡಿದಳು, ಬಾಲವೂ ಸಿಗಲಿಲ್ಲ, ತಲೆಯೂ ಸಿಗಲಿಲ್ಲ. ಒಬ್ಬೊಬ್ಬರಿಗೂ ಗೊತ್ತಿತ್ತು, ಒಬ್ಬರೂ ಹೇಳುವವರಿರಲಿಲ್ಲ. ಇಂಥ ಊರಿಗೆ ತಾನು ಹತ್ತು ಅಂಕ ಕೊಟ್ಟಿದ್ದೆನಲ್ಲ ಎಂದು ಅವಳಿಗೆ ನಾಚಿಕೆಯಾಯಿತು.

ಯರ್ರಿಸ್ವಾಮಿ ಆ ವಾರ ಮಂದೆಯನ್ನು ಊರ ಹತ್ತಿರ ತಂದಿದ್ದ. ಉಣ್ಣುವಾಗ ಎಲ್ಲ ಕೇಳಿಸಿಕೊಂಡು, "ಟಗರು ಭಾಳ ಕೊಬ್ಬಿದ್ರ ಕಾಲು ಬಿಡ್ತೈತಿ ಅಂತ ನಾವು ದಿನಾ ಮಾತಾಡ್ಕಂತೀವಲ್ಲ," ಅಂದ.

"ಕೂಸು ಟಗರಲ್ಲ," ಎಂದು ಅವಳು ರೇಗಿದಳು. ಅವನು ರೊಟ್ಟಿ ಮುರಿದ.

ಸೋಮವಾರ ಗುಡಿಯ ಅಂಗಳ ತುಂಬಿತ್ತು. ಕಬ್ಬಿಣದ ದೊಡ್ಡ ತಕ್ಕಡಿಗೆ ಕೊಟ್ರಸ್ವಾಮಿ ಹಡಗಲಿಯಿಂದ ತರಿಸಿದ ಮಲ್ಲಿಗೆ ಮಾಲೆ ಸುತ್ತಿದ್ದ. ಒಂದು ಕಡೆಯ ಹಲಗೆಯ ಮೇಲೆ ಗುರು ಹೊಸ ಪಂಚೆ ಉಟ್ಟು ಕೂತ. ಕುತ್ತಿಗೆಗೆ ಕಪ್ಪು ದಾರ, ಕೆನ್ನೆಗೆ ಕಪ್ಪು ಬೊಟ್ಟು. ಗಾದವ್ವನನ್ನು ಕಂಡು ಹಲ್ಲು ಬಿಟ್ಟ. ಪಂಪಮ್ಮ ಕೈಹಿಡಿದು ಗಾದೆಮ್ಮನನ್ನು ಮುಂದೆ ತಂದಳು. ಗುಂಪಿನಲ್ಲಿ ಗುಸುಗುಸು ಎದ್ದರೂ ಲೆಕ್ಕಿಸಲಿಲ್ಲ. ಗಾದೆಮ್ಮ ಮೊದಲ ಪೆಂಟಿ ಎತ್ತಿ ಇನ್ನೊಂದು ಹಲಗೆಯ ಮೇಲಿಟ್ಟಳು. ಬಕೆಟ್ಟಿನಷ್ಟು ದಪ್ಪದ ಬೆಲ್ಲದ ಉಂಡೆ ಅದು. ಎರಡನೆಯದನ್ನು ಅರ್ಚನಾ ಇಟ್ಟಳು, ಮೂರನೆಯದನ್ನು ಪಂಪಮ್ಮ.

ಗುರು ಕೂತ ಹಲಗೆ ನೆಲ ಬಿಡಲಿಲ್ಲ. ಅಲುಗಾಡಲೂ ಇಲ್ಲ.

ಯಾರೋ ಹಣ್ಣಿನ ಬುಟ್ಟಿ ತಂದಿಟ್ಟರು, ಇನ್ನಾರೋ ತೆಂಗಿನಕಾಯಿ ಇಟ್ಟರು. ಪೂಜಾರಿ ವೀರಭದ್ರಯ್ಯ ಬ್ಯಾಡ ಅಂದರು. ಬೆಲ್ಲ ಬೇಡಿಕೊಂಡ ಮೇಲೆ ಬೆಲ್ಲವೇ ಆಗಬೇಕು. ಕೂರಿಸಿದ ಹುಡುಗನನ್ನು ತಕ್ಕಡಿ ಏಳುವ ಮೊದಲು ಇಳಿಸುವಂತೆಯೂ ಇಲ್ಲ. ಮೊದಲು ನಗುತ್ತಿದ್ದ ಜನ ಆಮೇಲೆ ನಗು ನಿಲ್ಲಿಸಿದರು. ದೇವರು ಒಪ್ಪಲೊಲ್ಲ ಎಂದು ಒಬ್ಬರು ಪಿಸುಗುಟ್ಟಿದರು. ಮೊದಲ ಕೈ ಯಾರದು ನೋಡ್ರಿ ಎಂದು ಇನ್ನೊಬ್ಬರು. ಪಂಪಮ್ಮನ ಮುಖ ಸಣ್ಣದಾಯಿತು. ಬಿಸಿಲಿಗೆ ಗುರು ಬೆವರುತ್ತ, ಎಲ್ಲರೂ ತನ್ನನ್ನೇ ಯಾಕೆ ನೋಡುತ್ತಿದ್ದಾರೆ ಎಂದು ತಿಳಿಯದೆ ತಲೆ ತಗ್ಗಿಸಿದ.

"ಹುಡುಗನ ತೂಕ ಎಷ್ಟು, ಸರಿಯಾಗಿ ಹೇಳ್ರಿ. ಅಷ್ಟೂ ಬೆಲ್ಲ ಒಮ್ಮೆಲೆ ತರಸೂನು," ಎಂದರು ವೀರಭದ್ರಯ್ಯ.

ಎಲ್ಲರೂ ಗಾದೆಮ್ಮನತ್ತ ತಿರುಗಿದರು. ಅವಳು ಗುರುವನ್ನು ನೋಡಿದಳು. ತಗ್ಗಿಸಿದ ತಲೆಯ ಹಿಂದೆ ಕುತ್ತಿಗೆಯ ಪಟ್ಟಿ ಎದ್ದು ಕಾಣುತ್ತಿತ್ತು. ಇನ್ನೂ ಎರಡು ಪೆಂಟಿ ತರ್ರಿ ಎಂದು ಹೇಳಿ ಜಾರಿಕೊಳ್ಳಬಹುದಿತ್ತು. ಹಾಗೆ ಹೇಳಬೇಕೆಂದೇ ಬಾಯಿ ತೆರೆದಳು.

"ನಲವತ್ತೊಂಬತ್ತು ಕೇಜಿ," ಅಂದಳು. "ಮೂರನೇತ್ತೆ ಹುಡುಗಗ ಅದು ಭಾಳ ಆತು. ನಾನು ಸುಳ್ಳು ಹೇಳಿದ್ದೆ ಅಮ್ಮಾರ. ಗುರು ಸೊರಗಿಲ್ಲ, ದಪ್ಪ ಅದಾನ. ಉಣಿಸಿ ಉಣಿಸಿ ನಾನಾ ಮಾಡೀನಿ. ಆ ಕುತ್ತಿಗಿದು ಬಿಸಲಿಂದಲ್ಲ. ದವಾಖಾನಿಗೆ ತೋರಸ್ರಿ."

ಗುಂಪಿನ ಹಿಂದಿನಿಂದ ಯಾವಳೋ, "ಹಡದಿದ್ರ ಇಂಥ ಮಾತು ಬಾಯಾಗ ಬರ್ತಿದ್ದಿಲ್ಲ," ಅಂದಳು. ಗಾದೆಮ್ಮ ಪಂಪಮ್ಮನ ಮುಖ ನೋಡಿದಳು. ಪಂಪಮ್ಮ ಆ ಮಾತು ಆಡಲಿಲ್ಲ. ಆಡಿದವಳನ್ನು ಗದರಿಸಲೂ ಇಲ್ಲ. ಅದು ಆಡಿದ್ದಕ್ಕಿಂತ ಹೆಚ್ಚು ನೋಯಿಸಿತು.

ಕೊಟ್ರಸ್ವಾಮಿ ಗಾಡಿ ಹತ್ತಿ ಹೋಗಿ ಕಿರಾಣಿ ಅಂಗಡಿಯಿಂದ ಬೆಲ್ಲ ತಂದ. ತಕ್ಕಡಿ ಎದ್ದಿತು, ಮಂದಿ ಜೈ ಅಂದರು, ಬೆಲ್ಲ ಹಂಚಿದರು. ಪಂಪಮ್ಮ ಗಾದೆಮ್ಮನ ಕೈಗೂ ಒಂದು ಚೂರು ಹಾಕಿದಳು, ಬೇರೆ ಕಡೆ ನೋಡುತ್ತ. ಸಂಜೆ ಆ ಮನೆಯಲ್ಲಿ ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕಿದರಂತೆ. ಘಾಟು ಬರಲೇ ಇಲ್ಲವಂತೆ. ಘಾಟು ಬರದಿದ್ದರೆ ದೃಷ್ಟಿ ಭಾರೀ ಇತ್ತೆಂದು ಅರ್ಥ. ಯಾರ ದೃಷ್ಟಿ ಎಂದು ಯಾರೂ ಹೆಸರಿಡಲಿಲ್ಲ, ಇಡುವ ಅಗತ್ಯವೂ ಇರಲಿಲ್ಲ.

ಮರುದಿನ ಸಾಲಿ ಬಿಟ್ಟಿತು, ಗುರು ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಗಾದೆಮ್ಮ ಮಕ್ಕಳಿಗೆ ಹಾಲು ಕುಡಿಸುವಾಗ ಲೋಟ ತುಂಬಿಸಲೋ ಅರ್ಧಕ್ಕೆ ನಿಲ್ಲಿಸಲೋ ತಿಳಿಯದೆ ನಿಂತುಬಿಡುತ್ತಿದ್ದಳು. ಎದುರಿಗೆ ಕೂತ ಕೂಸು ಕೆಂಪು ಗೆರೆಯದು, ಅದಕ್ಕೆ ಉಣಿಸಲೇಬೇಕು; ಇದೂ ಮುಂದೆ ಹಾಗೇ ಆದರೆ? ಕಲಿತದ್ದು ಸುಳ್ಳೋ, ಈಗ ಕೇಳಿದ್ದು ಸುಳ್ಳೋ, ಎರಡೂ ಖರೆಯೋ? ಯಾವ ಮೀಟಿಂಗಿನಲ್ಲೂ ಯಾರೂ ಇದನ್ನು ಹೇಳಿಕೊಟ್ಟಿರಲಿಲ್ಲ.

ರಮಾ ಫೋನು ಮಾಡಿದಳು. "ತಾಯಿಗೆ ಹೇಳಿದ್ರಾ ಅಕ್ಕ?"

"ಊರಿಗೇ ಹೇಳಿದೆ."

"ಊರು ಏನಂತು?"

"ಮೆಣಸಿನಕಾಯಿ ಸುಡ್ತು."

ರಮಾ, "ನಾನು ನಿಮ್ಮ ಮೇಲೆ ಹೊರಿಸಬಾರದಿತ್ತು. ಆ ಹತ್ತು ನಂಬರ್ ತಿದ್ದಲಾ? ಎಷ್ಟು ಅಂತ ಬರೀಲಿ?" ಎಂದು ಕೇಳಿದಳು.

"ಗೊತ್ತಿಲ್ರಿ," ಅಂದಳು ಗಾದೆಮ್ಮ. ಅದು ಅವಳು ಆ ವಾರ ಆಡಿದ ಅತ್ಯಂತ ಖರೇ ಮಾತು.

ಗುರುವಾರ ಬೆಳಿಗ್ಗೆ ಅವಳು ಅಂಗನವಾಡಿಯ ಕಸ ಗುಡಿಸುವಾಗ ಬಾಗಿಲಿಗೆ ನೆರಳು ಬಿತ್ತು. ಅರ್ಚನಾ ಊರಿಗೆ ಹೋಗುವ ಸೀರೆ ಉಟ್ಟು, ಚೀಲ ಹಿಡಿದು, ಗುರುವನ್ನು ಕರೆದುಕೊಂಡು ಬಂದಿದ್ದಳು. ಒಳಗೆ ಬಂದವಳೇ ಬಾಗಿಲು ಮುಂದೆ ಮಾಡಿದಳು. ತಿಕ್ಕಿ ತಿಕ್ಕಿ ಹುಡುಗನ ಕುತ್ತಿಗೆ ಕೆಂಪಾಗಿತ್ತು; ಕೆಂಪಿನ ನಡುವೆ ಕಪ್ಪು ಹಾಗೇ ಇತ್ತು.

"ಅಕ್ಕೋರ, ಅವತ್ತು ನಾ ಕೇಳಿದಾಗ ಬಿಸಲಿಗೆ ಅಂದ್ರಿ. ಗುಡ್ಯಾಗ ಬ್ಯಾರೆ ಅಂದ್ರಿ. ನಾನು ಯಾವುದು ನಂಬಲಿ?"

"ಅವತ್ತು ಹೆದರಿ ಅಂದೆನವಾ. ಗುಡ್ಯಾಗ ಅಂದಿದ್ದು ಖರೇ."

"ಯಾರಿಗೆ ಹೆದರಿದ್ರಿ?"

ಗಾದೆಮ್ಮ ಗುರುವಿನ ಕಡೆ ನೋಡಿದಳು. ಅರ್ಚನಾ ಅರ್ಥ ಮಾಡಿಕೊಂಡಳೋ ಇಲ್ಲವೋ, ಚೀಲ ಕೆಳಗಿಟ್ಟಳು.

"ತವರಿಗೆ ಹೊಂಟೀನಿ ಅಂತ ಅತ್ತೀಗೆ ಹೇಳಿ ಬಂದೀನಿ. ಹಗರಿಬೊಮ್ಮನಹಳ್ಳಿ ದವಾಖಾನಿಗೆ ಹೋಗಬೇಕು. ಒಬ್ಬಾಕಿಗೆ ಹೆದರಿಕಿ ಆಗತೈತಿ, ನೀವೂ ಬರ್ರಿ. ಅದಕ್ಕ ಮೊದ್ಲ ಇಲ್ಲಿ ತೂಗ್ರಿ. ಬಾಯಿಬಿಟ್ಟು ಹೇಳ್ರಿ. ನಾನು ಕೇಳಿಸ್ಕೋಬೇಕು."

ಗುರು ಯಂತ್ರದ ಮೇಲೆ ನಿಂತ. ಗಾದೆಮ್ಮನ ಕೈ ಸೆರಗಿಗೆ ಹೋಯಿತು, ಹೋದಲ್ಲೇ ನಿಂತಿತು. ಅಂಕಿ ಮೂಡಿತು. ಅವಳು ಓದಿ ಹೇಳಿದಳು. ಅರ್ಚನಾಳ ಎರಡೂ ಕೈ ದೃಷ್ಟಿ ತೆಗೆದು ನೆಟಿಗೆ ಮುರಿಯಲೆಂದು ಹುಡುಗನ ಕೆನ್ನೆಯ ತನಕ ಎದ್ದವು. ಆದರೆ ಅವಳು ನೆಟಿಗೆ ಮುರಿಯಲಿಲ್ಲ. ಹಾಗೇ ಅವನ ಕೆನ್ನೆಗಳನ್ನು ಹಿಡಿದು ನಿಂತಳು. ಅವಳ ಕಣ್ಣಲ್ಲಿ ನೀರು ಬಂತು.

"ಅಲ್ಲಿ ಏನಂತಾರ್ರಿ?"

"ನನಗ ಗೊತ್ತಿಲ್ಲವಾ," ಅಂದಳು ಗಾದೆಮ್ಮ. ಸಹಾಯಕಿ ಬರುತ್ತಲೇ ಕೀಲಿ ಅವಳ ಕೈಗಿಟ್ಟು ಚಪ್ಪಲಿ ಮೆಟ್ಟಿದಳು.

ಬಾಗಿಲಲ್ಲಿ ಗುರು ತಡೆದು ನಿಂತ. ಎರಡು ದಿನ ಬಿಟ್ಟು ಗಾದವ್ವ ಸಿಕ್ಕಿದ್ದಳು. ಅವನು ಎಂದಿನಂತೆ ಅಂಗೈ ಚಾಚಿದ.

ಗಾದೆಮ್ಮ ಕಪಾಟಿನ ಮೇಲಿನ ಡಬ್ಬಿಯನ್ನು ನೋಡಿದಳು, ಅಂಗೈಯನ್ನು ನೋಡಿದಳು. "ಇಲ್ಲಪಾ," ಅಂದಳು.

"ಗಾದವ್ವ, ನನ್ನ ಮ್ಯಾಲ ಸಿಟ್ಟಾ?"

ಅವನು ಚಾಚಿದ ಅಂಗೈಯೊಳಗೆ ಅವಳು ತನ್ನ ಕೈ ಇಟ್ಟಳು. "ಹಿಡ್ಕ, ಬಸ್ಸು ಬರ್ತೈತಿ," ಅಂದಳು.

ಗುರು ಆ ಖಾಲಿ ಕೈಯನ್ನು ಒಂದು ಗಳಿಗೆ ನೋಡಿದ. ಅದನ್ನು ಏನು ಮಾಡಬೇಕೆಂದು ಅವನಿಗೆ ತಿಳಿಯಲಿಲ್ಲ. ಆದರೂ ಬಸ್ಸು ಹತ್ತುವ ತನಕ ಬಿಡಲಿಲ್ಲ.